ಬೂಟಿನಡಿಯ ಮೇವು

ಸೆಪ್ಟೆಂಬರ್ 18, ಗುರುವಾರ.

ಪೈನ್ ದಿಬ್ಬದ ಅದೇ ಹತ್ತು ಚೌಕಗಳನ್ನು ಇಂದೂ ಅಳೆದೆ. ನೆಲದ ಕಲ್ಲುಹೂವು ಉಗುರೆತ್ತರ ದಾಟಿಲ್ಲ. ಚಳಿಗಾಲದಲ್ಲಿ ಹಿಮಸಾರಂಗಗಳಿಗೆ ಅದೇ ಮೇವು. ಮೇವು ಸಾಲದೆಂದು ನಾನು ಆರು ವರ್ಷದಿಂದ ವರದಿಯಲ್ಲಿ ಬರೆಯುತ್ತಿರುವುದನ್ನು ನಂಬಿ ಸಾಕುವವರು ಹಿಂಡನ್ನು ಬೇಲಿಯಿಂದ ಕಾಡಿಗೆ ಬಿಟ್ಟಿಲ್ಲ.

ಹಣ್ಣು ಆಯಲು ಬಂದ ಮುದುಕ ಓಸ್ಮೊ ಬಕೆಟ್ ಇಳಿಸಿ ನನ್ನನ್ನೇ ನೋಡುತ್ತಿದ್ದ.

"ಅಲ್ಲ ಸನೆಲ್ಮಾ, ನೀನು ಯಾವಾಗ್ಲೂ ಬಿಸಿಲಿದ್ದಾಗ್ಲೇ ಬರ್ತೀಯಲ್ಲ?"

"ಮಳೇಲಿ ಕಾಗದ ನೆನೆಯುತ್ತೆ."

"ಒಣಗಿದಾಗ ಇದು ಒಣರೊಟ್ಟಿ ಇದ್ದಂಗೆ, ತುಳಿದ್ರೆ ಪುಡಿ ಪುಡಿ. ನಮ್ಮಮ್ಮ ಬಿಸಿಲು ದಿನ ನಮ್ಮನ್ನ ಈ ಕಡೆ ಬಿಡ್ತಾನೇ ಇರ್ಲಿಲ್ಲ. ನೀನು ಕಾಲಿಡದ ಜಾಗ ನೋಡು."

ಇಪ್ಪತ್ತು ಹೆಜ್ಜೆ ಆಚೆ ಅದು ಬೆರಳುದ್ದ ಬೆಳೆದಿತ್ತು, ಕಣ್ಣು ಹಾಯುವವರೆಗೂ ಬೆಳ್ಳಗೆ. ಕಾಲಿಡಲು ಹೋಗಿ ನಿಂತೆ. ಇಷ್ಟು ವರ್ಷ ಅಳೆದು ಬರೆದದ್ದೆಲ್ಲ ನನ್ನ ಬೂಟು ತುಳಿದ ಜಾಗವನ್ನೇ.

ವರದಿಯನ್ನೇನೋ ನಾಳೆ ತಿದ್ದಬಹುದು. ಆದರೆ ಏಪ್ರಿಲ್‌ನಲ್ಲಿ ಹಿಂಡಿನ ಮುದಿ ಹೆಣ್ಣು ಸಾರಂಗವೊಂದು ಬೇಲಿಗೆ ಮೂತಿಯೊತ್ತಿಕೊಂಡೇ ಸತ್ತಿತ್ತು. ಕಾರಣ ವಯಸ್ಸು ಎಂದು ಬರೆದವಳೂ ನಾನೇ. ಮೂತಿ ಇದೇ ದಿಬ್ಬದ ಕಡೆಗಿತ್ತು. ಅದನ್ನು ಬರೆಯಲು ನಮೂನೆಯಲ್ಲಿ ಕಾಲಂ ಇರಲಿಲ್ಲ.