ಗಡ್ಡಪ್ಪನ ದನಿ

ಮನೆಯ ಮಹಡಿ ಕೋಣೆ,
ಮಾರ್ಚ್ ೧೨, ಗುರುವಾರ

ಪ್ರೀತಿಯ ಸೊಸೆಗೆ,

ಹೇಗಿದ್ದೀಯಮ್ಮಾ? ಎಂಜಿನ್ ಕೋಣೆಯ ಸೆಕೆಯಲ್ಲಿ ಸರಿಯಾಗಿ ನೀರು ಕುಡಿಯುತ್ತಿದ್ದೀಯಾ? ಕಿವಿಗೆ ಮುಚ್ಚಳ ಹಾಕಿಕೊಳ್ಳುವುದನ್ನು ಮರೆಯಬೇಡ. ಕಬ್ಬಿಣಕ್ಕೆ ಕರುಣೆ ಇರುವುದಿಲ್ಲ. ಇಲ್ಲಿ ನಾವು ಕ್ಷೇಮ. ನನ್ನ ಮೊಣಕಾಲು ಮೆಟ್ಟಿಲು ಕಂಡಾಗ ಮಾತ್ರ ನೋಯುತ್ತದೆ, ಸೋಮಾರಿ ಕಾಲು. ನಿನ್ನ ಗಂಡ ಊರವರಿಗೆಲ್ಲ ಕನ್ನಡಕ ಮಾರಿ ಮನೆಗೆ ಬಂದು, ತನ್ನದನ್ನು ಹಣೆಯ ಮೇಲೆ ಏರಿಸಿಕೊಂಡು ಮನೆಯೆಲ್ಲ ಹುಡುಕುತ್ತಾನೆ. ಅವನಿಗೆ ಈಗ ಗಂಟಲು ಕಟ್ಟಿದೆ, ಆದರೆ ಗಾಬರಿಯಾಗಬೇಡ. ಕಾರಣ ಮುಂದೆ ಗೊತ್ತಾಗುತ್ತದೆ. ಹಡಗಿನಲ್ಲಿ ನಿನಗೆ ಎರಡು ಸಾಲಿನ ಸಂದೇಶವಷ್ಟೇ ತಲುಪುತ್ತದೆ. ನನ್ನ ಹತ್ತಿರ ಇರುವುದು ಎರಡು ಸಾಲಿನ ಸುದ್ದಿಯಲ್ಲ. ಅದಕ್ಕೇ ಈ ಕಾಗದವನ್ನು ಹಡಗು ಕಂಪನಿಯವರ ಕೈಯಲ್ಲಿ ಮುಂದಿನ ಬಂದರಿಗೆ ಕಳಿಸುತ್ತಿದ್ದೇನೆ.

ಹೊರಡುವ ದಿನ ನೀನು ನಿನ್ನ ಕಂಪ್ಯೂಟರ್ ಆಟವನ್ನು ನನ್ನ ಕೈಗೆ ಕೊಟ್ಟು ಹೋದೆಯಲ್ಲ, “ಅತ್ತೆ, ವಾರಕ್ಕೊಂದು ಸಲ ತೆರೆದು ಒಂದು ಸುತ್ತು ಆಡಿ, ಸೋತ್ರೂ ಪರ್ವಾಗಿಲ್ಲ, ಇಲ್ದಿದ್ರೆ ನನ್ನ ದರ್ಜೆ ಇಳಿದುಹೋಗುತ್ತೆ” ಎಂದು? ಗಿಡಕ್ಕೆ ನೀರು ಹಾಕುವ ಕೆಲಸವೆಂದುಕೊಂಡೆ. “ಮೈಕ್ ಮಾತ್ರ ಮುಟ್ಬೇಡಿ” ಎಂದೂ ನೀನು ಹೇಳಿದ್ದೆ. ಹೊಸ ಮೈಕು, ಹಾಳಾದೀತು ಎಂಬ ಕಾಳಜಿಯೇನೋ ಎಂದು ಸುಮ್ಮನಾದೆ. ಆಟದಲ್ಲಿ ನಿನ್ನ ಹೆಸರು ಗಡ್ಡಪ್ಪ ಎಂದು ನೋಡಿ ನಕ್ಕು ಸಾಕಾಯಿತು. ಹೀಗೆ ಅರವತ್ನಾಲ್ಕನೆಯ ವಯಸ್ಸಿನಲ್ಲಿ ನನಗೆ ಗಡ್ಡ ಬಂತು.

ಗಡ್ಡಕ್ಕೆ ಎಂಥ ಮರ್ಯಾದೆ ಅಂತೀಯಾ! ಈ ಕಡೆ ಐದು ಜನ, ಆ ಕಡೆ ಐದು ಜನ, ಎದುರಿನ ಕೋಟೆಯ ಬಾಗಿಲು ಮುರಿದವರು ಗೆದ್ದರು. ಆಟ ಇಷ್ಟೇ ಎಂದು ಕಲಿಯುವಷ್ಟರಲ್ಲಿ ನಾನು ಎಷ್ಟು ಸಲ ಗೋಡೆಗೆ ಡಿಕ್ಕಿ ಹೊಡೆದೆನೋ ಲೆಕ್ಕವಿಲ್ಲ. ಆಟವೇ ನನ್ನ ಜೊತೆಗೆ ಸೇರಿಸುತ್ತಿದ್ದ ಗುರುತಿಲ್ಲದ ಹುಡುಗರಲ್ಲಿ ಒಬ್ಬನೂ ಬೈಯಲಿಲ್ಲ. “ಗಡ್ಡಪ್ಪಣ್ಣಂಗೆ ಇವತ್ತು ನೆಟ್ ಸರಿ ಇಲ್ಲ ಅನ್ಸುತ್ತೆ” ಎಂದು ಅವರೇ ನನ್ನ ಪರವಾಗಿ ನೆಪ ಹುಡುಕುತ್ತಿದ್ದರು. “ಅಣ್ಣ, ಯಾವ ಕಡೆ ಹೋಗೋಣ ಹೇಳಿ” ಎಂದು ನನ್ನನ್ನೇ ಕೇಳುತ್ತಿದ್ದರು. ನಾನು ಬಾಯಿ ಬಿಡದೆ ಗೋಡೆಗೆ ಗುದ್ದುತ್ತಿದ್ದೆ.

ಒಂದು ಸಂಜೆ ತಡೆಯಲಾಗಲಿಲ್ಲ. ನಮ್ಮ ಎಡಬಾಗಿಲಿನತ್ತ ಇಬ್ಬರು ನುಸುಳಿ ಬರುವುದು ನಕ್ಷೆಯಲ್ಲಿ ಕಾಣಿಸಿತು, ನಮ್ಮವರು ಯಾರೂ ನೋಡುತ್ತಿಲ್ಲ. ರೈಲು ನಿಲ್ದಾಣದ ಮೈಕಿನ ಮುಂದೆ ಮೂವತ್ತು ವರ್ಷ ಕೂತವಳು ನಾನು. ಕೈ ತಾನಾಗಿ ಗುಂಡಿ ಒತ್ತಿತು. “ದಯವಿಟ್ಟು ಗಮನಿಸಿ, ಎಡಬಾಗಿಲಿಗೆ ಇಬ್ಬರು ಬರುತ್ತಿದ್ದಾರೆ” ಎಂದುಬಿಟ್ಟೆ. ಆಮೇಲೆ ಶುರುವಾಯಿತು ನೋಡು: “ಏಯ್, ಹೆಂಗ್ಸು ಕಣೋ!” “ಅಡುಗೆ ಆಯ್ತಾ ಮೇಡಂ?” “ಗಂಡನ ಐಡಿನಾ?” ಒಬ್ಬ ಬೆಣ್ಣೆಯಂಥ ದನಿಯಲ್ಲಿ ನನ್ನ ಫೋನ್ ನಂಬರು ಕೇಳಿದ. ಪಾಪ, ಕೊಟ್ಟಿದ್ದರೆ ಮಂಡಿನೋವಿನ ಎಣ್ಣೆ ತರಿಸಿಕೊಳ್ಳಬಹುದಿತ್ತು. ಎಡಬಾಗಿಲಿಗೆ ಮಾತ್ರ ಒಬ್ಬನೂ ಹೋಗಲಿಲ್ಲ. ಕೋಟೆ ಬಿತ್ತು. “ಹೆಂಗಸರು ಬಂದ್ರೆ ಇಷ್ಟೇ” ಎಂದರು.

ಅದೇ ಕೈ, ಅದೇ ಕಣ್ಣು, ಅದೇ ಗೋಡೆಗೆ ಗುದ್ದುವ ಮುದುಕಿ. ಬದಲಾದದ್ದು ದನಿಯೊಂದೇ. ಮೈಕು ಮುಟ್ಟಬೇಡಿ ಎಂದು ನೀನು ಯಾಕೆ ಹೇಳಿದೆಯೆಂದು ಆಗ ಹೊಳೆಯಿತು. ಒಂದು ಇಡೀ ಎಂಜಿನ್ ಕೋಣೆ ನಿನ್ನ ಮಾತಿಗೆ ಓಡುತ್ತದೆ, ಕಂಪ್ಯೂಟರ್ ಮುಂದಿನ ಇದೇ ಕುರ್ಚಿಯಲ್ಲಿ ಮಾತ್ರ ನೀನು ಬಾಯಿಗೆ ಬೀಗ ಹಾಕಿಕೊಂಡು ಕೂರುತ್ತಿದ್ದೆ. ನನಗೆ ಮೈ ಉರಿದುಹೋಯಿತು ಕಣೇ. ನಿಲ್ದಾಣದಲ್ಲಿ ನಾನು ಐದನೇ ಪ್ಲಾಟ್‌ಫಾರ್ಮ್ ಎಂದರೆ ಮೀಸೆ ಹೊತ್ತವರೂ ಮೂಟೆ ಹೊತ್ತು ಐದನೇ ಪ್ಲಾಟ್‌ಫಾರ್ಮಿಗೇ ಓಡುತ್ತಿದ್ದರು.

ಅಷ್ಟರಲ್ಲಿ ಗಡ್ಡಪ್ಪನ ಹೆಸರು ಆಟದಲ್ಲಿ ಓಡಾಡುವುದನ್ನು ಕಂಡು ನಿನ್ನ ಕಾಯಂ ತಂಡದ ನಾಲ್ವರೂ ಸಂದೇಶ ಕಳಿಸಿದರು, ನೀವು ಯಾರು, ನಮ್ಮ ಗಡ್ಡಪ್ಪ ಹಡಗಿನಲ್ಲಿದ್ದಾಳಲ್ಲ ಎಂದು. ನರ್ಸು, ಬೇಕರಿಯವಳು, ಕಾರು ಕಲಿಸುವವಳು, ಕಾಲೇಜಿನ ಹುಡುಗಿ ಗುಬ್ಬಿ. ಎಲ್ಲರಿಗೂ ಗಂಡು ಹೆಸರು, ಎಲ್ಲರ ಮೈಕೂ ಬಂದ್. ಈ ಆಟದಲ್ಲಿ ಮಾತಾಡಿದರೆ ಎದುರಾಳಿಗೂ ಕೇಳಿಸುತ್ತದಲ್ಲ, ಅದಕ್ಕೆ ತಮ್ಮತಮ್ಮಲ್ಲೂ ಟೈಪ್ ಮಾಡಿಯೇ ಮಾತು. ‘ಎಡಗಡೆ’ ಎಂದು ಬೆರಳಲ್ಲಿ ಬರೆಯುವಷ್ಟರಲ್ಲಿ ಬಾಗಿಲು ಬಿದ್ದಿರುತ್ತದೆ. ನರ್ಸಿನ ಕತೆ ಕೇಳು. ಅವಳು ಒಮ್ಮೆ ಮಾತಾಡಿದ್ದಕ್ಕೆ ‘ಗೂಳಿ’ ತಂಡದ ನಾಯಕ ಅವಳ ಬೆನ್ನು ಹತ್ತಿದನಂತೆ. ಅವಳು ಆಡುವ ಕಡೆಗೆಲ್ಲ ಬಂದು, ಆಟ ಬಿಟ್ಟು ಅವಳನ್ನೇ ಅಟ್ಟಾಡಿಸಿ ಹೊಲಸು ಬೈಯುವುದು. ಹೆಸರು ಬದಲಿಸಿದರೂ ಅವನೂ ಅವನ ಹುಡುಗರೂ ಹುಡುಕಿಕೊಂಡು ಬರುತ್ತಿದ್ದರಂತೆ. ಊರಿನ ಪಂದ್ಯಕ್ಕೆ ನಿಮ್ಮ ತಂಡದ ಹೆಸರು ಕೊಟ್ಟಾಗಿತ್ತು, ಆದರೆ ನೀನಿಲ್ಲದ ಮೇಲೆ ಬೇಡವೆಂದು ಎಲ್ಲರೂ ಕೈಬಿಟ್ಟಿದ್ದರು. ನಾನು ಹೇಳಿದೆ: “ಆಡೋ ಕೈ ನಿಮ್ದು, ಕೂಗೋ ಬಾಯಿ ನಂದು. ನಾನು ಬಾಗಿಲು ಕಾಯ್ತೀನಿ.”

ದಿನಾ ಸಂಜೆ ಅವರವರ ಮನೆಯಿಂದಲೇ ಅಭ್ಯಾಸ. ನಿಲ್ದಾಣದ ಪಾಠವನ್ನೇ ಹೇಳಿಕೊಟ್ಟೆ: ಕಿರುಚಬೇಡಿ, ಹೊಟ್ಟೆಯಿಂದ ಉಸಿರು ತೆಗೆಯಿರಿ, ಮೊದಲು ಯಾರು, ಆಮೇಲೆ ಎಲ್ಲಿ, ಎರಡು ಸಲ ಹೇಳಿ. ಗುಬ್ಬಿಯದು ಸೀಟಿಯಂಥ ದನಿ, ಗದ್ದಲವನ್ನು ಸೀಳಿಕೊಂಡು ಬರುತ್ತದೆ. ಬೇಕರಿಯವಳು ಬೈಯುವುದಕ್ಕೂ ‘ಬಿಸಿಬಿಸಿ ಇದೆ’ ಎನ್ನುವ ರಾಗವೇ. ನರ್ಸು ಮಾತ್ರ ಬಾಯಿ ತೆರೆಯಲಿಲ್ಲ, ನಾವೂ ಒತ್ತಾಯಿಸಲಿಲ್ಲ. ಎದುರಿನಿಂದ ಹೊಲಸು ಬಂದಾಗ ನಾನು ಹಳೆಯ ದನಿ ತೆಗೆಯುತ್ತಿದ್ದೆ: “ಕಪ್ಪು ಅಂಗಿಯ ಆಟಗಾರರ ಗಮನಕ್ಕೆ. ತಮ್ಮ ಬುದ್ಧಿ ಕಳೆದುಹೋಗಿದೆ. ಸಿಕ್ಕವರು ದಯವಿಟ್ಟು ವಿಚಾರಣಾ ಕೊಠಡಿಗೆ ತಲುಪಿಸಿ.” ಅವನ ಕಡೆಯವರೇ ಬಿದ್ದುಬಿದ್ದು ನಗುತ್ತಿದ್ದರು. ಎಲ್ಲ ದಿನವೂ ನಗುವುದಕ್ಕೆ ಆಗಲಿಲ್ಲಮ್ಮ. ಒಬ್ಬ ಗುಬ್ಬಿಗೆ ಅಂದ ಮಾತನ್ನು ಇಲ್ಲಿ ಬರೆಯಲಾರೆ. ಮಗು ಅಳುತ್ತಾ ಆಟ ಬಿಟ್ಟು ಹೋದಳು. ಅವನ ಮೇಲೆ ದೂರು ಕೊಟ್ಟೆವು. ಮರುದಿನ ಅವಳೇ ಎಲ್ಲರಿಗಿಂತ ಮೊದಲು ಬಂದು ಕೂತಿದ್ದಳು.

ಹೋದ ಭಾನುವಾರ ಪಂದ್ಯ. ಕಾರು ಶೋರೂಮಿನ ಮೇಲಿನ ಹಾಲ್‌ನಲ್ಲಿ ಎದುರುಬದುರು ಐದೈದು ಕುರ್ಚಿ, ನಮ್ಮ ಮಾತು ಸ್ಪೀಕರಿನಲ್ಲಿ ಹಾಲಿಗೆಲ್ಲ ಕೇಳಿಸುತ್ತದೆ. ನಾವು ಐವರೂ ಮುಖ ನೋಡಿಕೊಂಡದ್ದೇ ಅಂದು. ಎರಡು ತಂಡಗಳನ್ನು ಸೋಲಿಸಿ ಫೈನಲ್ಲಿಗೆ ಬಂದರೆ ಎದುರಿಗೆ ಗೂಳಿಗಳೇ! ಆ ನಾಯಕನನ್ನು ನೋಡಿ ನನಗೆ ಆಶ್ಚರ್ಯವಾಯಿತು. ರಾಕ್ಷಸನಲ್ಲ, ಮಾಮೂಲಿ ಹುಡುಗ. ನೀಟಾಗಿ ತಲೆ ಬಾಚಿಕೊಂಡು ಬನ್ನು ತಿನ್ನುತ್ತಿದ್ದ. “ಆಂಟಿಗಳ ಸಂಘ ಬಂದಿದೆ, ಬೇಗ ಮುಗ್ಸಿ ಮನೆಗೆ ಕಳ್ಸೋಣ” ಎಂದ. ನಾನು ನರ್ಸಿನ ಕೈ ಹಿಡಿದುಕೊಂಡೆ, ಅಷ್ಟೇ.

ಮೊದಲ ಸುತ್ತು ಸೋತೆವು, ಎರಡನೆಯದು ಗೆದ್ದೆವು. ಮೂರನೆಯದರಲ್ಲಿ ನಕ್ಷೆ ನೋಡುತ್ತೇನೆ, ಅವರಲ್ಲಿ ನಾಲ್ವರು ನರ್ಸಿನ ಹಿಂದೆಯೇ ಬಿದ್ದಿದ್ದಾರೆ! ಹಳೆಯ ಚಾಳಿ. ಅವಳನ್ನು ಉಳಿಸಲು ಎಲ್ಲರೂ ಓಡಿ ಎಂದು ಕೂಗುವುದರಲ್ಲಿದ್ದೆ. ಆಗ ನನ್ನ ಪಕ್ಕದಿಂದ, ನಾವು ಯಾರೂ ಅಲ್ಲಿಯವರೆಗೆ ಮೈಕಿನಲ್ಲಿ ಕೇಳಿರದ ಒಂದು ದಪ್ಪ ದನಿ ಹಾಲ್ ತುಂಬ ಮೊಳಗಿತು: “ಯಾರೂ ಬರ್ಬೇಡಿ! ಇವ್ರು ನನ್ನ ಹಿಂದೆನೇ ಬರ್ಲಿ, ಇಡೀ ಮೈದಾನ ಸುತ್ತಿಸ್ತೀನಿ. ನೀವು ಬಾಗಿಲು ಮುರೀರಿ!”

ಆ ನಾಲ್ವರಿಗೂ ಈ ಮಾತು ಕೇಳಿಸಿತಮ್ಮ. ಹಿಂದಿರುಗಿದ್ದರೆ ಅವರೇ ಗೆಲ್ಲುತ್ತಿದ್ದರು. ಆದರೆ ಒಂದು ಹೆಂಗಸು ಜನರೆದುರು ಸವಾಲು ಹಾಕಿದ ಮೇಲೆ ಬಿಟ್ಟು ಬರಲು ಜಂಬ ಬಿಡಬೇಕಲ್ಲ! ಅವಳು ಬಂಡೆ ಹಿಂದೆ, ಸೇತುವೆ ಕೆಳಗೆ, ಓಡಿಸಿದಳು, ಓಡಿಸಿದಳು. ನಾನೂ ನಮ್ಮ ಬಾಗಿಲು ಬಿಟ್ಟು, ಗೋಡೆಗಳಿಗೆ ಗುದ್ದುತ್ತಲೇ, ದಾರಿ ಕೂಗುತ್ತ ಹೊರಟೆ. ಅವರ ಬಾಗಿಲಲ್ಲಿ ಕಾವಲಿಗಿದ್ದವನು ಒಬ್ಬನೇ. ಕಾರು ಕಲಿಸುವವಳು ಅವನನ್ನು ಕೆಡವಿದಳು, ಗುಬ್ಬಿ ಕೊನೆಯ ಏಟು ಹಾಕಿದಳು. ಬಾಗಿಲು ಬಿದ್ದಾಗ ನರ್ಸು ಇನ್ನೂ ಓಡುತ್ತಲೇ ಇದ್ದಳು, ನಗುತ್ತಾ. ಹಾಲ್ ಎದ್ದು ನಿಂತಿತು. ಕೂಗಿ ಕೂಗಿ ನಿನ್ನ ಗಂಡನ ಗಂಟಲು ಕಟ್ಟಿದ್ದು ಆಗಲೇ.

ನಾಯಕ ಕೈ ಕುಲುಕಲಿಲ್ಲ. ಕುಣಿಯಲಾರದವನಿಗೆ ನೆಲ ಡೊಂಕು, ಅವನಿಗೆ ಮೌಸ್ ಸರಿಯಿರಲಿಲ್ಲವಂತೆ. ಅವನ ತಂಡದ ಇಬ್ಬರು ಮಾತ್ರ ಬಂದು ನರ್ಸಿನ ಮುಂದೆ ತಲೆ ತಗ್ಗಿಸಿ “ಸಾರಿ ಅಕ್ಕ” ಎಂದರು. ಅವಳು “ಮುಂದಿನ ಸಲ ಆಟ ಆಡಿ” ಎಂದಳು, ಅಷ್ಟೇ. ಕೆಳಗಿಳಿದು ಬರುವಾಗ ಮೆಟ್ಟಿಲ ಮೇಲೆ ಏಳೆಂಟು ಹುಡುಗಿಯರು ನಮ್ಮನ್ನು ಸುತ್ತುಗಟ್ಟಿ, ನಾಳೆಯಿಂದ ನಾವೂ ಮೈಕ್ ಹಾಕಿಕೊಂಡು ಆಡುತ್ತೇವೆ ಎಂದರು. ಆ ಮೆಟ್ಟಿಲು ಇಳಿಯುವಾಗ ಮೊಣಕಾಲು ನೋಯಲಿಲ್ಲ ನೋಡು.

ಸಮುದ್ರ ಶಾಂತವಾಗಿರಲಿ, ನಿನ್ನ ಎಂಜಿನ್ ಮುನಿಯದಿರಲಿ, ನಿನ್ನ ಹೊಟ್ಟೆ ತಣ್ಣಗಿರಲಿ. ನಿನ್ನ ಗಂಡ ತನ್ನ ಪ್ರೀತಿಯನ್ನು ಪಿಸುದನಿಯಲ್ಲಿ ಹೇಳಿದ್ದಾನೆ, ನೀನು ಜೋರಾಗಿ ಓದಿಕೋ.

ಇಂತಿ ನಿನ್ನನ್ನು ಹರಸುವ,
ಅತ್ತೆ

ಮರೆತಿದ್ದೆ: ಕಂಪನಿಯವನು ಬಾಗಿಲಲ್ಲಿ ಕಾಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಜೂನ್‌ನಲ್ಲಿ, ನಿನ್ನ ರಜೆಯಲ್ಲೇ, ಇದಕ್ಕಿಂತ ದೊಡ್ಡ ಪಂದ್ಯವಿದೆ. ನಾಯಕಿಯ ಕುರ್ಚಿ ನಿನ್ನದೇ, ನಾನು ಪಕ್ಕಕ್ಕೆ ಕೂರುತ್ತೇನೆ. ಆದರೆ ಬಾಯಿ ಬಿಟ್ಟು ಆಡುವುದಾದರೆ ಮಾತ್ರ. ಆ ನಾಲ್ವರು ನಿನ್ನ ಜೊತೆ ಮೂರು ವರ್ಷ ಆಡಿದ್ದಾರೆ, ನಿನ್ನ ದನಿ ಹೇಗಿದೆ ಎಂದು ಒಬ್ಬಳಿಗೂ ಗೊತ್ತಿಲ್ಲವಂತೆ! ನನ್ನನ್ನು ಕೇಳಿದರು, ನಾನು ಹೇಳಲಿಲ್ಲ. ಬಂದರು ಮುಟ್ಟಿದ ಕೂಡಲೇ ಮನೆಗೆ ಫೋನು ಮಾಡು. ನಾಲ್ವರನ್ನೂ ಕರೆಸಿ ಕೂರಿಸಿರುತ್ತೇನೆ. ನಾನು ಫೋನು ಎತ್ತಿ ಅವರ ನಡುವೆ ಇಡುತ್ತೇನೆ, ನೀನು ಮಾತಾಡು.