ಸುಣ್ಣದ ಡಬ್ಬಿ ಮತ್ತು ಇಲಿ

ಅಪ್ಪಾಜಿ,

ತಾವು ತೀರಿಕೊಂಡು ಆರು ವರ್ಷವಾಯಿತು. ಅಲ್ಲಿ ಯಾರ ಬೆನ್ನು ಸಿಕ್ಕಿದೆಯೋ ತಿಳಿಯದು. ಇದು ಕ್ಷೇಮ ವಿಚಾರಿಸುವ ಪತ್ರವಲ್ಲ. ತಮ್ಮ ಸಾಧನೆಗೆ ವಿಜ್ಞಾನದ ಮನ್ನಣೆ ಸಿಕ್ಕಿದೆ, ಅದನ್ನು ವರದಿ ಮಾಡಬೇಕಿದೆ.

ಪ್ರಯೋಗಾಲಯದಲ್ಲಿ ಇಲಿಗಳ ಮೇಲೆ ಕೆಲಸ ಮಾಡುವ ನನ್ನ ಮಗಳು ಶೈಲಶ್ರೀ ರಜೆಗೆಂದು ನಮ್ಮೂರು ಇಂಡಿಗೆ ಬಂದಿದ್ದಾಳೆ. ಇಂದು ಮಧ್ಯಾಹ್ನ ರೊಟ್ಟಿ ತಿನ್ನುತ್ತ ಹೇಳಿದಳು:

"ಪಪ್ಪಾ, ಒಂದು ಸಪ್ಪಳ ಮಾಡಿ ಇಲಿಗೆ ಸಣ್ಣ ಶಾಕ್ ಕೊಡ್ತೇವಿ. ಮರುದಿನ ಬರೇ ಸಪ್ಪಳ ಕೇಳಿದ್ರೂ ಕಲ್ಲಾಗಿ ನಿಂದರತೈತಿ. ಅದನ್ನ ಕಲಿಯೂ ಹೊತ್ತಿಗೆ ಮಿದುಳಿನ್ಯಾಗ ಕೆಲವು ಜೀನು ಚಾಲೂ ಆಗ್ತಾವು. ಅವನ್ನ ತಡದ್ರ ಹೆದರಿಕಿ ನೆನಪು ಗಟ್ಟಿ ಆಗೂದಿಲ್ಲ."

ನನಗೆ ತಮ್ಮ ಸುಣ್ಣದ ಡಬ್ಬಿ ನೆನಪಾಯಿತು. ಅದನ್ನು ಕಟ್ಟೆಗೆ ಎರಡು ಸಲ ಕುಟ್ಟಿ ಆಮೇಲೆ ನನ್ನ ಬೆನ್ನಿಗೆಂದು ಬೆಲ್ಟು ಬಿಚ್ಚುತ್ತಿದ್ದಿರಿ. ಮಣ್ಣು ಕೊಡುವಾಗ ಭಕ್ತಿಯಿಂದ ಅದನ್ನು ತಮ್ಮ ಪಕ್ಕದಲ್ಲಿಟ್ಟೆನೆಂದು ಊರವರು ಹೊಗಳಿದರು. ಅದು ಮನೆಯಲ್ಲಿ ಉಳಿಯಬಾರದಿತ್ತು, ಅಷ್ಟೇ.

"ನಿಮ್ಮಜ್ಜ ಇಲಿ ಇಲ್ಲದನ ಈ ಪ್ರಯೋಗ ಮುಗಿಸಿದ್ರವಾ," ಎಂದೆ.

"ನೀವೇನ ಕಡಿಮಿ ಇದ್ರ್ಯಾ?" ಎಂದು ನಕ್ಕಳು.

"ಏನಂದಿ?" ಎಂದೆ. ಕೈಯಲ್ಲಿದ್ದ ಲೋಟ ತಾನಾಗಿಯೇ ಮೇಜಿಗೆ ಎರಡು ಸಲ ಕುಟ್ಟಿತು.

ಇಪ್ಪತ್ತೆಂಟು ವರ್ಷದ ವಿಜ್ಞಾನಿ, ರೊಟ್ಟಿಯ ತುತ್ತನ್ನು ಬಾಯಿಯ ಹತ್ತಿರವೇ ಹಿಡಿದು ಕಲ್ಲಾದಳು. ನಾನು ಅವಳ ಮೇಲೆ ಬೆಲ್ಟು ಎತ್ತುವುದನ್ನು ಬಿಟ್ಟೇ ಹದಿನೈದು ವರ್ಷವಾಗಿದೆ.

ರಜೆ ಇನ್ನೂ ನಾಲ್ಕು ದಿನವಿದೆ. ನಾಳೆ ಮೊದಲ ಬಸ್ಸಿಗೇ ಹೊರಡುತ್ತಾಳಂತೆ. ಡಬ್ಬಿ ಹೂತರೆ ಸಾಕೆಂದುಕೊಂಡಿದ್ದೆ.

ತಮ್ಮ ಮೊದಲ ಇಲಿ,
ಬಸಂತರಾಯ