ಸಿಮೆಂಟಿನ ಮೇಲೆ ಹರಗೋಲು

ಜುಲೈ 7, ಸೋಮವಾರ

ಮತ್ತೆ ಕನ್ನಡಕ ಒರೆಸಿದೆ. ಸ್ಪಿರಿಟ್ ಹಚ್ಚಿದರೂ ತಲೆಯೆಣ್ಣೆಯ ವಾಸನೆ ಹೋಗಲಿಲ್ಲ. ಕನ್ನಡಕ ಎಂದರೆ ಪೇಪರ್ ಓದುವುದಲ್ಲ, ಕಣ್ಣಿಗೆ ಕಟ್ಟುವ ಕರೀ ಡಬ್ಬಿ. ವಿಆರ್ ಎನ್ನುತ್ತಾರೆ. ಕಟ್ಟಿಕೊಂಡವರಿಗೆ ಸಾಣಾಪುರದ ಕೆರೆ ಕಾಣುತ್ತದೆ. ಬಿಚ್ಚಿದರೆ ನಾನು ಕಾಣುತ್ತೇನೆ. ಬಿಚ್ಚಿದವರ ಮುಖ ಸಣ್ಣದಾಗುವುದು ಸಹಜ.

ರೆಸಾರ್ಟಿನವರು ಹಳೇ ಗಾದಿ ಒಟ್ಟುತ್ತಿದ್ದ ಖೋಲಿ ಇದು. ಕಿಟಕಿಗೆ ಕಪ್ಪು ಬಟ್ಟೆ. ನಡುವೆ, ಸಿಮೆಂಟಿನ ಮೇಲೆ, ನಿಜವಾದ ಹರಗೋಲು, ಬಿದಿರಿನ ಗುಂಡು ದೋಣಿ. ಕೆಳಗೆ ಲಾರಿ ಟೈರಿನ ಟ್ಯೂಬು. ಅತಿಥಿಗಳು ಚಪ್ಪಲಿ ಬಿಟ್ಟು, ಪ್ಯಾಂಟು ಮಡಚಿ ಹತ್ತುತ್ತಾರೆ. ನೀರಿಲ್ಲ ಎಂದು ಹೇಳಿದರೂ ಮಡಚುತ್ತಾರೆ. ನಾನು ಹಿಂದೆ ನಿಂತು ಬಲಗಾಲಿನಿಂದ ಹರಗೋಲು ಅಲುಗಾಡಿಸುತ್ತೇನೆ. ಅಸಲಿ ಕೆರೆ ಗೋಡೆಯ ಆಚೆಗೇ ಇದೆ. ಆದರೆ ಮಳೆಗಾಲ, ನೀರು ಜಾಸ್ತಿ, ಹರಗೋಲು ಬಂದ್. ಹೀಗಾಗಿ ಕೆರೆಯ ದಂಡೆಯಲ್ಲಿ ಕೂತು ಕೆರೆ ತೋರಿಸುವ ಉದ್ಯೋಗ. ಹುದ್ದೆಯ ಹೆಸರು ಎಕ್ಸ್‌ಪೀರಿಯನ್ಸ್ ಮ್ಯಾನೇಜರ್. ಇಷ್ಟು ವರ್ಷ ಹುಟ್ಟು ಹಾಕಿದ ಕೈಗಳಿಗೆ ನಿವೃತ್ತಿ, ಬಲಗಾಲಿಗೆ ಬಡ್ತಿ.

ಡಬ್ಬಿಯೊಳಗೆ ಹುಟ್ಟು ಹಾಕುವವನೂ ನಾನೇ. ಫೆಬ್ರವರಿಯಲ್ಲಿ ಹುಬ್ಬಳ್ಳಿಯ ಹುಡುಗರು ಬಂದು, ಸುತ್ತಲೂ ಕಣ್ಣಿರುವ ಕ್ಯಾಮೆರಾವನ್ನು ಹರಗೋಲಿನ ನಡುವೆ ನಿಲ್ಲಿಸಿ, ನ್ಯಾಚುರಲ್ ಆಗಿ ಮಾತಾಡ್ರಿ ಅಂದರು.

ಮಾತಾಡಿದೆ. ಅಲ್ಲೇ ಕೆಟ್ಟದ್ದು.

ಜುಲೈ 10

ಆ ಮಾತನ್ನು ಇಲ್ಲಿ ಬರೆದುಬಿಡುತ್ತೇನೆ. ಹೇಗೂ ಜಿಲ್ಲೆಗೆಲ್ಲ ಬಾಯಿಪಾಠ ಆಗಿದೆ.

ಹರಗೋಲು ದೊಡ್ಡ ಬಂಡೆಯ ಹತ್ತಿರ ಬರುತ್ತದೆ. ಆಗ ಡಬ್ಬಿಯೊಳಗಿನ ನಾನು ಹೇಳುತ್ತೇನೆ: "ಈ ಬಂಡಿ ನೋಡ್ರಿ. ಯಾವ ಕಾಲದಿಂದನೋ ಹಿಂಗ ಮಾರಿ ತಿರುವಿ ಕುಂತೈತಿ. ಜಪ್ಪಯ್ಯ ಅಂದ್ರೂ ಅಲುಗಾಡಂಗಿಲ್ಲ. ಸಿಟ್ಟು ಬಂದ್ರ ನಮ್ಮ ಶಿವಲೀಲಾನೂ ಹಿಂಗ."

ಅತಿಥಿಗಳು ನಗುತ್ತಾರೆ. ಪ್ರತಿ ಸಲ. ಅದೇ ಜಾಗ, ಅದೇ ನಗು. ನನ್ನ ಕಾಲು ಅಲುಗಾಡಿಸುತ್ತಲೇ ಇರುತ್ತದೆ.

ಶಿವಲೀಲಾ ನನ್ನ ಹೆಂಡತಿ. ಬ್ಲೌಸ್ ಹೊಲಿಯುತ್ತಾಳೆ. ಮಾಲಕ ಪ್ರಭುರಾಜ ಗಂಗಾವತಿಯ ಎಕ್ಸಿಬಿಷನ್ನಿನಲ್ಲಿ ಡಬ್ಬಿಯ ಸ್ಟಾಲ್ ಹಾಕಿದ. ಅಲ್ಲಿ ಸಾಲು ಹಚ್ಚಿ ನಿಂತವರಲ್ಲಿ ಅರ್ಧಕ್ಕರ್ಧ ಇವಳ ಗಿರಾಕಿಗಳು. ಮರುದಿನ ಅಳತೆ ಕೊಡಲು ಬಂದವಳೊಬ್ಬಳು "ಬಂಡಿ ಅಕ್ಕಾರ, ನಂದ್ ಆತೇನ್ರಿ?" ಎಂದಳಂತೆ.

ಅದೇ ಸಂಜೆ ಮನೆಗೆ ಹೋದರೆ ಬೀಗ. ಸಿದ್ದಾಪುರದ ತವರಿಗೆ ಹೋಗಿದ್ದಾಳೆ. ಬಟ್ಟೆಬರೆ ಒಯ್ದಿದ್ದರೆ ಹಬ್ಬದೊಳಗೆ ಬರುತ್ತಾಳೆ ಎಂದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಹೊಲಿಗೆ ಮಷಿನ್ ಒಯ್ದಿದ್ದಾಳೆ. ಪಕ್ಕದ ಮನೆಯ ಮುಜೀಬನ ಟಂಟಂ ಆಟೋ ಮಾಡಿಸಿ, ಅಡ್ಡ ಮಲಗಿಸಿ.

ಜುಲೈ 13

ಫೋನ್ ಎತ್ತಿದಳು. ಎತ್ತಿದ್ದೇ ಷರತ್ತು ಹೇಳಲು. ಆ ಮಾತು ತೆಗೆಸಬೇಕು. ಮ್ಯಾಪಿನಿಂದ ಹೆಸರೂ ತೆಗೆಸಬೇಕು. ಅಲ್ಲಿಯವರೆಗೆ ಈ ಕಡೆ ಕಾಲಿಡುವುದಿಲ್ಲ.

ಯಾವ ಮ್ಯಾಪು? ನೋಡಿದೆ. ಫೋನಿನ ಮ್ಯಾಪಿನಲ್ಲಿ, ಕೆರೆಯ ನಡುವೆ, ಯಾರೋ ಪುಣ್ಯಾತ್ಮರು ಬರೆದಿದ್ದಾರೆ — 'ಶಿವಲೀಲಾ ರಾಕ್'. ನಾಲ್ಕೂವರೆ ಸ್ಟಾರ್. ತಪ್ಪಿದೆ ಎಂದು ರಿಪೋರ್ಟ್ ಮಾಡಿದೆ. ಈ ಸ್ಥಳ ಇರುವುದನ್ನು ಅನೇಕರು ಖಚಿತಪಡಿಸಿದ್ದಾರೆ ಎಂದು ಉತ್ತರ ಬಂತು. ಇರುವುದನ್ನು ನಾನೂ ಖಚಿತಪಡಿಸಬಲ್ಲೆ. ಸದ್ಯ ಸಿದ್ದಾಪುರದಲ್ಲಿದೆ.

ಜುಲೈ 15

ಪ್ರಭುರಾಜನ ಮುಂದೆ ನಿಂತೆ. ವಯಸ್ಸಿನಲ್ಲಿ ಚಿಕ್ಕವನು, ಅಣ್ಣಾ ಎಂದೇ ಕರೆಯುತ್ತಾನೆ. ಅದೇ ದೊಡ್ಡ ತೊಡಕು. ಬೈಯುವ ಮಾಲಕನಾಗಿದ್ದರೆ ತಿರುಗಿ ಬೈಯಬಹುದಿತ್ತು.

ಒಂದು ಮಾತು ಕತ್ತರಿಸಿಬಿಡಿ ಎಂದೆ. ಅವನು ಲ್ಯಾಪ್‌ಟಾಪ್ ತಿರುಗಿಸಿ ರಿವ್ಯೂ ತೋರಿಸಿದ. ಕೆರೆ ಚಂದ ಎಂದವರು ಕೆಲವರು. ಬಂಡೆ ಚಂದ ಎಂದವರೇ ಎಲ್ಲರೂ. ಆಮೇಲೆ ಸೆಮಿನಾರಿನಲ್ಲಿ ಕೇಳಿ ಬಂದದ್ದನ್ನು ನನಗೂ ಕೇಳಿಸಿದ. ಇನ್ನು ಮುಂದೆ ಯಾರೂ ವಸ್ತು ಮಾರುವುದಿಲ್ಲವಂತೆ, ಅನುಭವ ಮಾರುತ್ತಾರಂತೆ. ಸೀರೆ ಅಂಗಡಿಯ ಕನ್ನಡಿಯೇ ಸೀರೆ ಉಡಿಸುತ್ತದೆ. ಶ್ರೀರಾಮನಗರದವರು ಅಕ್ಕಿ ಗಿರಣಿಯ ಮಷಿನ್ ತರಿಸುವ ಮೊದಲೇ ಡಬ್ಬಿ ಕಟ್ಟಿಕೊಂಡು ಗಿರಣಿಯೊಳಗೆ ಓಡಾಡುತ್ತಾರೆ. ಕಲ್ಯಾಣ ಮಂಟಪ ಕಟ್ಟುವ ಮೊದಲೇ ಬೀಗರು ಊಟದ ಹಾಲ್ ಸಣ್ಣದಾಯಿತು ಎಂದು ಜಗಳ ತೆಗೆಯಬಹುದು. ಕೊನೆಯದು ನಾನು ಸೇರಿಸಿದ್ದು. ಅವನು ಅದನ್ನೂ ಬರೆದುಕೊಂಡ.

"ಹಾಲೇಶಣ್ಣ, ಆ ಮಾತು ತಗದ್ರ ಉಳಿಯೋದೇನು? ಬರೇ ನೀರು. ನೀರು ಎಲ್ಲಾರ ಮನ್ಯಾಗೂ ಐತಿ."

ಹೊರಗೆ ಬಂದೆ. ಅಂದರೆ ಖೋಲಿಯೊಳಗೆ ಹೋದೆ. ಸಾಲು ನಿಂತಿತ್ತು, ಪ್ಯಾಂಟು ಮಡಚಿಕೊಂಡು.

ಜುಲೈ 27, ಭಾನುವಾರ

ಸಿದ್ದಾಪುರಕ್ಕೆ ಹೋದೆ. ಅತ್ತೆ ಹಂಪವ್ವ ಚಹಾ ಕೊಟ್ಟರು. ಶಿವಲೀಲಾ ಒಳಗಿನ ಖೋಲಿಯಲ್ಲಿ. ನಾನು ಮಾತು ತೆಗೆದರೆ ಮಷಿನ್ ಜೋರಾಗುತ್ತದೆ. ನಿಲ್ಲಿಸಿದರೆ ಮೆಲ್ಲಗಾಗುತ್ತದೆ. ಹೀಗೆ ಸುಮಾರು ಹೊತ್ತು ಸಂಭಾಷಣೆ ನಡೆಯಿತು.

ತಮಾಷೆಗೆ ಅಂದದ್ದು, ಬಂಡೆ ಎಂದರೆ ಬೈಗುಳವೇನಲ್ಲ ಎಂದು ಅತ್ತೆಗೆ ವಿವರಿಸಿದೆ. ಅವರು ಕಪ್ಪು ಎತ್ತಿಕೊಳ್ಳುತ್ತ ಹೇಳಿದ್ದು ಇನ್ನೂ ಕಿವಿಯಲ್ಲಿದೆ.

"ಬಂಡಿ ಅಂದದ್ದಕ್ಕ ಅಲ್ರೀ ಯಪ್ಪಾ. ಮದಿವ್ಯಾಗ ಒಡಪಾ ಹಚ್ಚಿ ಹೆಸರು ಹೇಳ್ರಿ ಅಂತ ಮಂದಿ ಎಲ್ಲಾ ಬಡಕೊಂಡ್ರು, ನೀವು ಬಾಯಿ ಬಿಡಲಿಲ್ಲ. ಇಷ್ಟ್ ವರ್ಷ 'ಏ, ಇಲ್ಲಿ ಕೇಳು' ಅಂತನ ಕರದ್ರಿ. ಮೊದಲನೇ ಸಲ ಮಂದಿ ಮುಂದ ಹೆಸರು ಹಿಡದದ್ದು ಬಂಡಿಗೆ."

ಮಷಿನ್ ನಿಂತಿತ್ತು.

ಮದುವೆಯ ದಿನ ಗೆಳೆಯರು ಸುತ್ತ ನಿಂತಿದ್ದರು, ನಾಚಿಕೆಯಾಗಿತ್ತು. ಹೆಣ್ಣುಮಗಳು ಅವಳು — ಸರಾಗ ನಾಲ್ಕು ಸಾಲಿನ ಒಡಪು ಹೇಳಿ, ಕೊನೆಗೆ ನನ್ನ ಹೆಸರಿಟ್ಟು ಮುಗಿಸಿದ್ದಳು. ನನ್ನ ಸರದಿ ಬಂದಾಗ ನೆಲ ನೋಡಿದೆ.

ಆಗಸ್ಟ್ 2

ಬಂಡೆ. ನಗು. ಬಂಡೆ. ನಗು.

ಆಗಸ್ಟ್ 16

ಅಧೋಗತಿಗೂ ಭಾಗ ಎರಡು ಇರುತ್ತದೆ. ಪ್ರಭುರಾಜನ ಹೊಸ ಯೋಜನೆ, ಎಆರ್. ಡಬ್ಬಿ ಬೇಡ, ಫೋನ್ ಸಾಕು. ದಂಡೆಯಲ್ಲಿ ನಿಂತು ಬಂಡೆಯ ಕಡೆ ಫೋನ್ ಹಿಡಿದರೆ, ಬಂಡೆಯ ಮೇಲೆ ಹಸಿರು ಸೀರೆಯ ಗೊಂಬೆ ಹೆಂಗಸು ಬಂದು ಮುಖ ತಿರುಗಿಸಿ ಕೂರುತ್ತಾಳೆ. ಅತಿಥಿಗಳು ಪಕ್ಕ ನಿಂತು ಸೆಲ್ಫಿ ತೆಗೆದುಕೊಳ್ಳಬಹುದು.

ಅಣ್ಣಾ, ಅಕ್ಕಾರ ಮೂಗುತಿ ಯಾವ ಕಡೆ, ಎಂದು ಕೇಳಿದ. ಬಲಕ್ಕೆ ಎಂದೆ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಇಷ್ಟು ದಿನ ನನ್ನ ಬಾಯಿ ಮಾತ್ರ ಅವರ ಕಡೆ ಎಂದುಕೊಂಡಿದ್ದೆ. ಈಗ ನೆನಪೂ ಸೇರಿತು.

ದೇವರು ದೊಡ್ಡವನು. ದಂಡೆಯಲ್ಲಿ ನೆಟ್‌ವರ್ಕ್ ಇಲ್ಲ. ಟ್ರಯಲ್ ದಿನ ಗೊಂಬೆಯ ಒಂದು ಕೈ ಮಾತ್ರ ಬಂತು. ಬಂಡೆಯ ಮೇಲೆ ಬರೀ ಕೈ, ಬಳೆ ಸಮೇತ. ಮಕ್ಕಳು ಅಳತೊಡಗಿದವು. ಯೋಜನೆಯನ್ನು ಪ್ರಭುರಾಜ ಕೈಬಿಟ್ಟ.

ಆಗಸ್ಟ್ 24, ಭಾನುವಾರ

ಹಂಪವ್ವ ಬಂದರು. ಡಬ್ಬಿ ನೋಡದೆ ಕಣ್ಣು ಮುಚ್ಚುವುದಿಲ್ಲ ಎಂದು ಹಟವಂತೆ. ಒಬ್ಬರನ್ನೇ ಕಳಿಸಲಾಗದೆ ಹಿಂದೆ ಶಿವಲೀಲಾ. ನನ್ನ ಕಡೆ ನೋಡಲಿಲ್ಲ. ಖೋಲಿ ನೋಡಿದಳು. ಕಪ್ಪು ಬಟ್ಟೆ, ಟ್ಯೂಬು, ನನ್ನ ಸ್ಟೂಲು, ಒರೆಸುವ ಬಟ್ಟೆ.

ಅತ್ತೆ ಮೊದಲು. ಚಪ್ಪಲಿ ಬಿಟ್ಟು, ಡಬ್ಬಿ ಕಟ್ಟಿಸಿಕೊಂಡು, ಕೈಮುಗಿದು, ಗಂಗಮ್ಮನಿಗೆಂದು ಸೆರಗಿನಿಂದ ನಾಣ್ಯ ಬಿಚ್ಚಿ ನೀರಿಗೆ ಹಾಕಿದರು. ಅದು ಸಿಮೆಂಟಿನ ಮೇಲೆ ಠಣ್ ಎಂದಿತು. ಯಾಕೋ ನೀರು ಭಾಳ ಕಡಿಮಿ ಆಗೈತಿ ನೋಡು, ಎಂದು ಮಗಳಿಗೆ ಹೇಳಿದರು.

ಆಮೇಲೆ ಅವಳು. ಡಬ್ಬಿಯ ಪಟ್ಟಿ ನಾನೇ ಬಿಗಿದೆ. ಜಡೆಗೆ ಸಿಕ್ಕದ ಹಾಗೆ. ಕಾಲು ಹಚ್ಚಿದ್ದಷ್ಟೇ. ಹರಗೋಲು ತಾನಾಗಿಯೇ ಅಲುಗಾಡಿತು.

ಅವಳು ಕಂಡದ್ದು ಮೂಲೆಯ ಟಿವಿಯಲ್ಲೂ ಕಾಣುತ್ತದೆ. ನೀರು. ಹಕ್ಕಿ. ಬಂಡೆ ಹತ್ತಿರ ಬಂತು. ಎಲ್ಲರೂ ಆ ಹೊತ್ತಿಗೆ ಬಂಡೆಯ ಕಡೆ ಕತ್ತು ಚಾಚುತ್ತಾರೆ. ಇವಳು ಹಿಂದಕ್ಕೆ ತಿರುಗಿದಳು. ಹಿಂದೆ ಹುಟ್ಟು ಹಾಕುತ್ತ ಕೂತವನು ನಾನು. ಇಷ್ಟು ದಿನದಲ್ಲಿ ಒಬ್ಬರೂ ಆ ಕಡೆ ತಿರುಗಿರಲಿಲ್ಲ. ನಾನೂ ನೋಡಿರಲಿಲ್ಲ.

ಟಿವಿಯಲ್ಲಿ ನನ್ನ ಮುಖ. ಬಿಸಿಲಿಗೆ ಕಪ್ಪಾದದ್ದು. ಟಿವಿಯೊಳಗಿನವನು ಆ ಮಾತು ಹೇಳಿದ. ಹೇಳಿ, ಹುಟ್ಟು ನಿಲ್ಲಿಸಿ, ಬಂಡೆಯನ್ನೇ ನೋಡುತ್ತ ಒಂದು ನಗು ನಕ್ಕ. ಜೋಕಿಗೆ ನಗುವ ನಗು ಅಲ್ಲ. ಮನೆ ಹತ್ತಿರ ಬಂತು ಎನ್ನುವಾಗಿನ ನಗು. ಹೀಗೆ ನಗುತ್ತೇನೆಂದು ನನಗೇ ಗೊತ್ತಿರಲಿಲ್ಲ.

ಮುಗಿಯಿತು. ಇನ್ನೊಮ್ಮೆ ಹಚ್ಚಿರಿ ಎಂದಳು. ಹಚ್ಚಿದೆ. ಈ ಸಲ ಕೆರೆ ಕಡೆ ತಿರುಗಲೇ ಇಲ್ಲ.

ಡಬ್ಬಿ ಬಿಚ್ಚಿ ಒಳಗಿನವನನ್ನೂ ಹೊರಗಿನವನನ್ನೂ ತೂಗಿ ನೋಡುವ ಹಾಗೆ ನೋಡಿದಳು.

"ಅಲ್ಲಿ ಮನಶ್ಯಾರ ಹಂಗ ಅದೀರಿ. ಇಲ್ಲಿ ಏನಾಗಿರಿ ನೀವು?"

ಕಾಲು ಸುಮ್ಮನೆ ಅಲುಗಾಡಿಸುತ್ತಿತ್ತು, ಖಾಲಿ ಹರಗೋಲು.

"ಆ ಮಾತು ಇರ್ಲಿ ಬಿಡ್ರಿ. ನೀವು ಹೊರಗ ಬರ್ರಿ."

ಆಗಸ್ಟ್ 29

ಐದು ದಿನ ಪ್ರಭುರಾಜನ ಬಾಗಿಲವರೆಗೆ ಹೋಗಿ ವಾಪಸ್ ಬಂದೆ. ಕೆಲಸ ಬಿಟ್ಟರೆ ಏನು ಮಾಡುವುದು? ನೀರಿನ ಮೇಲೆ ಬಂದ್. ಹೊಲವಿಲ್ಲ. ಕಲಿತದ್ದು ಗುಂಡಗಿನ ದೋಣಿಯನ್ನು ನೆಟ್ಟಗೆ ಒಯ್ಯುವುದೊಂದೇ. ಅಲ್ಲದೆ ನಾನು ಹೋದರೆ ಅತಿಥಿಗಳ ಅನುಭವ ಏನಾದೀತು ಎನ್ನುವ ಚಿಂತೆ. ಮ್ಯಾನೇಜರ್ ನೋಡಿ.

ಇವತ್ತು ಧೈರ್ಯ ಮಾಡಿ ಹೇಳಿದೆ. ಪ್ರಭುರಾಜ ತಡೆಯುತ್ತಾನೆ, ಕೈ ಹಿಡಿಯುತ್ತಾನೆ ಎಂದುಕೊಂಡಿದ್ದೆ. ಅದಕ್ಕೆ ಕೊಡಬೇಕಾದ ಉತ್ತರವನ್ನೂ ಸಿದ್ಧ ಮಾಡಿಕೊಂಡಿದ್ದೆ. ಅವನು ಫೋನಿನಿಂದ ಕಣ್ಣು ತೆಗೆಯದೆ ನಕ್ಕ.

"ಆರಾಮ ಹೋಗಿ ಬರ್ರಿ ಅಣ್ಣ. ಅಲುಗಾಡ್ಸಾಕ ಒಂದು ಮೋಟರ್ ಹಚ್ಚಿಸ್ತೀನಿ. ಹೆಂಗೂ ನೀವು ಒಳಗ ಅದೀರಲ್ಲ."

ಮೋಟರ್ ಮೊದಲೇ ತರಿಸಿಟ್ಟಿದ್ದ. ಬಾಕ್ಸ್ ಬಾಗಿಲ ಹಿಂದೆಯೇ ಇತ್ತು.

ಸೆಪ್ಟೆಂಬರ್ 12, ಸಿದ್ದಾಪುರ

ಅತ್ತೆಯ ಮನೆ. ಬ್ಲೌಸಿಗೆ ಹುಕ್ಕು ಹಚ್ಚುತ್ತೇನೆ. ಹುಕ್ಕು ಸಿಗಿಸುವ ಕಾಜಾ ಇನ್ನೂ ಕೈಗೆ ಕೊಟ್ಟಿಲ್ಲ, ಸೊಟ್ಟ ಬರುತ್ತದಂತೆ. ಕಿಟಕಿ ಇದೆ. ಹೊರಗೆ ಕಾಲುವೆ, ಗದ್ದೆ. ಆದರೂ ಬಲಗಾಲು ಕೂತಲ್ಲೇ ಅಲುಗಾಡುತ್ತದೆ. ಎರಡು ಸಲ ಬೈಸಿಕೊಂಡೆ.

ಅವಳನ್ನು ಕರೆಯಬೇಕಾದಾಗ ಬಾಯಿ ಇನ್ನೂ 'ಏ' ವರೆಗೆ ಬಂದು ನಿಲ್ಲುತ್ತದೆ. ದಿನಾ ಬೆಳಿಗ್ಗೆ ಇವತ್ತು ಹೆಸರು ಹಿಡಿಯುತ್ತೇನೆ ಎಂದುಕೊಳ್ಳುತ್ತೇನೆ. ದಾರ ಮುಗಿಯಿತು ಎಂದು ಹೇಳುವುದಿದ್ದರೂ ಎದ್ದು ಅವಳ ಹತ್ತಿರ ಹೋಗಿ ನಿಲ್ಲುತ್ತೇನೆ.

ಮಧ್ಯಾಹ್ನ ಪಕ್ಕದ ಓಣಿಯ ಮೈಮುನಬಿ ಬಂದಳು, ಬ್ಲೌಸ್ ಒಯ್ಯಲು. ಮೂಲೆಯಲ್ಲಿ ಬಟ್ಟೆಯ ಗುಡ್ಡದ ಹಿಂದೆ ಕೂತ ನಾನು ಕಾಣಲಿಲ್ಲ. ನಿನ್ನೆ ಮಕ್ಕಳನ್ನು ಕರೆದುಕೊಂಡು ಸಾಣಾಪುರಕ್ಕೆ ಹೋಗಿದ್ದಳಂತೆ. ನಿಮ್ಮ ಮನೆಯವರ ಹರಗೋಲಿನಲ್ಲೇ ಕೂತು ಬಂದೆವು, ಪಾಪ ಎಷ್ಟು ಛಲೋ ಮಾತಾಡುತ್ತಾರೆ, ಎಂದಳು. ಆಮೇಲೆ ಬಂಡೆ ನೆನಪಾಗಿರಬೇಕು. ಥಟ್ಟನೆ ಮಾತು ನುಂಗಿ, ಬ್ಲೌಸಿನ ಕೈಗೆ ಹಚ್ಚಿದ ಪಟ್ಟಿ ನೋಡತೊಡಗಿದಳು.

ಮಷಿನ್ ಜೋರಾಗುತ್ತದೆ ಎಂದು ಕಾದೆ.

ಜೋರಾಗಲಿಲ್ಲ. ಶಿವಲೀಲಾ ದಾರ ಕತ್ತರಿಸಿ, ನನ್ನ ಕಡೆ ಒಮ್ಮೆ ನೋಡಿ, ಅವಳಿಗೆ ಹೇಳಿದಳು: "ಅಂವ ಅಲ್ಲೇ ದುಡೀಲಿ ಬಿಡವಾ. ಇಂವನ್ನ ನಾನು ಇಟ್ಕೊಂತೀನಿ."

ಮೈಮುನಬಿ ಆಗ ನನ್ನನ್ನು ನೋಡಿ ಹೌಹಾರಿದಳು. ನಾನು ಎದ್ದು ನಿಂತೆ. ಮಡಿಲಿನ ಹುಕ್ಕುಗಳೆಲ್ಲ ನೆಲಕ್ಕೆ ಚೆಲ್ಲಿದವು. ಬಾಯಿ ತೆರೆದೆ. ಮಂದಿ ಮುಂದೆ, ಹಗಲಿನಲ್ಲಿ, ಶಿವ—